ಸುಮ್ಮನೆ ನಿಂತಿದ್ದ ಮಷೀನು

ನನ್ನ ತಮ್ಮನಿಗೆ ಯಾವುದೇ ವಸ್ತು ಕೆಲಸವಿಲ್ಲದೆ ನಿಂತಿದ್ದು ಕಂಡರೆ ಆಗುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಜಗಲಿಯ ಲೈಟು ಆರಿಸುತ್ತಿದ್ದ. ಹಿತ್ತಲಿನ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಊಟದ ನಡುವೆ ಎದ್ದು ಹೋಗಿ ತಿರುಪಿ ಬರುತ್ತಿದ್ದ. ನಮ್ಮೆಜಮಾನರು ಮಧ್ಯಾಹ್ನ ಮಲಗಿದ್ದನ್ನು ನೋಡಿದರೂ ಅವನ ಮುಖ ಸಣ್ಣಗಾಗುತ್ತಿತ್ತು. ಅವರು ಸರ್ಕಾರಿ ನೌಕರಿ ಮುಗಿಸಿದವರು, ಮಲಗಲು ಹಕ್ಕಿದೆ ಎಂದು ನಾನು ಹೇಳಿದರೆ, "ನೌಕರಿಲಿ ಇದ್ದಾಗೂ ಮಲಗೇ ಇದ್ರಲ್ಲ ಅಕ್ಕ" ಎಂದು ನಗುತ್ತಿದ್ದ.

ನಾವು ಸೊರಬ ತಾಲ್ಲೂಕಿನವರು, ಚಂದ್ರಗುತ್ತಿ ಕಡೆಯ ಹಳ್ಳಿಯವರು. ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ ಪಹಣಿ, ಮ್ಯುಟೇಷನ್ ಎನ್ನುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡೆ. ತಮ್ಮ ಊರಲ್ಲೇ ಉಳಿದು ಸೊರಬದ ಕಡೆಯ ಒಂದು ಅಕ್ಕಿ ಗಿರಣಿಗೆ ಮ್ಯಾನೇಜರನಾದ. ಬೇರೆ ಮನೆಗಳಲ್ಲಿ ಅಕ್ಕ ತಮ್ಮ ಆಸ್ತಿಗೆ ಕಿತ್ತಾಡುತ್ತಾರೆ. ನಾವು ಹಬ್ಬದ ಊಟಕ್ಕೆ ಕೂತರೂ ಸರ್ಕಾರದವರು ಹೆಚ್ಚು ಪೋಲು ಮಾಡುತ್ತಾರೋ ಖಾಸಗಿಯವರೋ ಎಂದು ಕಿತ್ತಾಡುತ್ತಿದ್ದೆವು. ಹೋಳಿಗೆ ತಣ್ಣಗಾಗುತ್ತಿತ್ತು, ಮಾತು ಆಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವನ ಕೈಗೆ ಕಲ್ಲು ಕೊಡುತ್ತಿದ್ದವಳು ನಾನೇ. ನಮ್ಮ ಕಚೇರಿಯ ಕಥೆಗಳನ್ನು ನಾನೇ ಹೇಳಿ ನಗಿಸುತ್ತಿದ್ದೆ, ಅವನು ಮುಂದಿನ ಜಗಳದಲ್ಲಿ ಅದನ್ನೇ ತಿರುಗಿಸಿ ಹೊಡೆಯುತ್ತಿದ್ದ. ಕಚೇರಿಯ ಹಿಂದೆ ಒಂದು ಜೀಪು ನಿಂತಿತ್ತು. ಯಾವುದೋ ಸಣ್ಣ ಬಿಡಿಭಾಗ ತರಿಸಲು ಮಂಜೂರಾತಿ ಬೇಕಿತ್ತು. ಮಂಜೂರಾತಿ ಬರುವ ಹೊತ್ತಿಗೆ ಜೀಪಿನ ಸೀಟಿನ ಮೇಲೆಲ್ಲ ತೊಂಡೆಬಳ್ಳಿ ಹಬ್ಬಿತ್ತು. ನಮ್ಮ ಜವಾನ ಕಾಯಿ ಕೊಯ್ದು ಎಲ್ಲರಿಗೂ ಹಂಚುತ್ತಿದ್ದ. ಸರ್ಕಾರಿ ಜೀಪಿನ ತೊಂಡೆಕಾಯಿ ಪಲ್ಯ ನಮ್ಮ ಮನೆಯಲ್ಲೂ ಆಗಿದೆ. ಮಾರ್ಚ್ ತಿಂಗಳು ಬಂತೆಂದರೆ ಅನುದಾನ ವಾಪಸ್ಸು ಹೋಗಬಾರದೆಂದು ಬೇಡದ ಬೀರು, ಬೇಡದ ಕುರ್ಚಿ ಬಂದು ಬೀಳುತ್ತಿದ್ದವು. ಕುರ್ಚಿಗಳು ಪ್ಲಾಸ್ಟಿಕ್ ಹೊದ್ದು ಕೋಣೆಯೊಳಗೆ ಒಂದರ ಮೇಲೊಂದು ಕೂತಿರುತ್ತಿದ್ದವು, ಜನ ಮಾತ್ರ ವರಾಂಡದಲ್ಲಿ ನಿಂತೇ ಇರುತ್ತಿದ್ದರು.

ನಾನೂ ಬಿಡುತ್ತಿರಲಿಲ್ಲ. ನಿಮ್ಮ ಯಜಮಾನ ಮೂರು ಕಾರು ಇಟ್ಟು ಒಂದನ್ನು ಮಾತ್ರ ಓಡಿಸುತ್ತಾನಲ್ಲ, ಅದು ಪೋಲಲ್ಲವೇನೋ ಎಂದರೆ, "ಅವ್ರ ದುಡ್ಡು, ಅವ್ರಿಷ್ಟ" ಎನ್ನುತ್ತಿದ್ದ. ಗಿರಣಿ ಯಜಮಾನನ ದುಡ್ಡು ರೈತನ ಭತ್ತದಿಂದ ಬಂದದ್ದಲ್ಲದೆ ಆಕಾಶದಿಂದ ಉದುರಿದ್ದೇ? ಸರ್ಕಾರ ದುಂದು ಮಾಡಿದರೆ ಪೋಲು, ಉಳ್ಳವರು ಮಾಡಿದರೆ ಅಂತಸ್ತು. ಈ ನ್ಯಾಯ ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ.

ಗಿರಣಿಯನ್ನು ಅವನು ಬಿಗಿಯಾಗಿ ನಡೆಸಿದ. ಸುಗ್ಗಿ ಇಳಿಯುತ್ತಲೇ ಹಮಾಲರಲ್ಲಿ ಅರ್ಧ ಜನಕ್ಕೆ ಬರಬೇಡಿ ಎನ್ನುತ್ತಿದ್ದ. ಬೆಲ್ಟು ಹರಿಯುವ ತನಕ ಹೊಸ ಬೆಲ್ಟು ತರಿಸುತ್ತಿರಲಿಲ್ಲ. ಯಜಮಾನನಿಗೆ ಅವನೆಂದರೆ ಬಲಗೈ. ಆಮೇಲೆ ಸಕ್ಕರೆ ಕಾಯಿಲೆ ಅವನ ಎರಡೂ ಕಿಡ್ನಿ ತಿಂದುಹಾಕಿತು. ವಾರದಲ್ಲಿ ಎರಡು ದಿನ ಕೆಲಸಕ್ಕೆ ಬರಲಾಗುವುದಿಲ್ಲ ಎಂದು ಹೇಳಲು ಗಿರಣಿಗೆ ಹೋದವನು ಸಂಜೆಯೊಳಗೆ ಬೀಗದ ಕೈ ಒಪ್ಪಿಸಿ ಬಂದ. ಅವನ ಕುರ್ಚಿಯಲ್ಲಿ ಆ ವಾರವೇ ಬೇರೊಬ್ಬ ಕೂತ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ನಾನು ಹೊಟ್ಟೆ ಉರಿದು ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಗಿರಣಿ ನಿಲ್ಲಕ್ಕೆ ಬತ್ತದನಾ ಅಕ್ಕ? ನಾನಾಗಿದ್ರೂ ಹಂಗೇ ಮಾಡ್ತಿದ್ದೆ" ಎಂದ. ಹಾಗೇ ಮಾಡುತ್ತಿದ್ದ ಎಂಬುದು ನನಗೂ ಗೊತ್ತಿತ್ತು.

ಡಯಾಲಿಸಿಸ್ ಎಂಬುದನ್ನು ಕಂಡವರಿಗೆ ಹೇಳಬೇಕಿಲ್ಲ, ಕಾಣದವರಿಗೆ ಒಂದು ಮಾತು. ಕೈಗೆ ಎರಡು ದಪ್ಪ ಸೂಜಿ ಚುಚ್ಚಿ, ಮೈಯ ರಕ್ತವನ್ನೆಲ್ಲ ಮಷೀನಿಗೆ ಹಾಯಿಸಿ, ತೊಳೆದು, ತಿರುಗಿ ಮೈಗೆ ಬಿಡುತ್ತಾರೆ. ಕಿಡ್ನಿ ಮಾಡಬೇಕಾದ ಕೆಲಸ ಅದು ಮಾಡುತ್ತದೆ. ನಾಲ್ಕು ಗಂಟೆ ಹಿಡಿಯುತ್ತದೆ. ವಾರಕ್ಕೆರಡು ಸಲ ಮಷೀನು ಸಿಕ್ಕಿದರೆ ನನ್ನ ತಮ್ಮ ಇರುತ್ತಾನೆ, ಸಿಗದಿದ್ದರೆ ಇರುವುದಿಲ್ಲ. ಡಾಕ್ಟರು ಹೇಳಿದ್ದು ಇಷ್ಟೇ. ಅಂದಿನಿಂದ ನಮ್ಮ ಹಬ್ಬ, ಮದುವೆ, ತಿಥಿ ಎಲ್ಲವೂ ಆ ಎರಡು ದಿನ ಬಿಟ್ಟು ಉಳಿದ ದಿನಗಳಲ್ಲಿ ಆಗಬೇಕಾಯಿತು.

ನಮ್ಮ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಈ ಮಷೀನುಗಳು ಬಂದವು. ಯಾವ ಊರಿನ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಊರಿನವರು ನಮ್ಮದು ಸರಿಯಿದೆ ಎಂದುಕೊಂಡುಬಿಡುತ್ತಾರೆ. ತಮ್ಮ ಹಿಂದಿನ ದಿನವೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದು ಉಳಿಯುತ್ತಿದ್ದ. ಅವನ ಹೆಂಡತಿ ದನ ಕರು ಬಿಟ್ಟು ಬರುವಂತಿರಲಿಲ್ಲ. ಬೆಳಿಗ್ಗೆ ನಾನು ಅವನ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದೆ.

ಈಗ ಸರ್ಕಾರದ ಪರ ಮಾತಾಡುತ್ತೇನೆ ಎಂದುಕೊಳ್ಳಬೇಡಿ. ಆ ಮಷೀನುಗಳು ಒಂದು ಇಡೀ ಮಳೆಗಾಲ ರಟ್ಟಿನ ಪೆಟ್ಟಿಗೆಯೊಳಗೇ ಕೂತಿದ್ದವು. ಕೋಣೆ ರೆಡಿ ಇತ್ತು, ನೀರು ರೆಡಿ ಇತ್ತು. ಟೇಪು ಕತ್ತರಿಸುವವರ ಸಮಯ ರೆಡಿ ಇರಲಿಲ್ಲ. ಪೆಟ್ಟಿಗೆ ಒಳಗಿದ್ದಾಗ ಹೊರಗೆ ಯಾರ ರಕ್ತ ಕೆಡುತ್ತಿತ್ತೋ, ಯಾರು ಆಸ್ತಿ ಮಾರಿ ಶಿವಮೊಗ್ಗಕ್ಕೆ ಹೋಗುತ್ತಿದ್ದರೋ, ಕೇಳುವವರಿಲ್ಲ. ಉದ್ಘಾಟನೆ ದಿನ ಹೂವಿನ ಹಾರ ಹಾಕಿದ್ದು ಮಾತ್ರ ಬಹಳ ದೊಡ್ಡದು. ಮಷೀನು ಕಾಣದಷ್ಟು ದೊಡ್ಡದು.

ಶುರುವಾದ ಮೇಲೂ ಎಲ್ಲ ಸರ್ಕಾರಿ ರೀತಿಯಲ್ಲೇ ನಡೆಯಿತು. ಕೋಣೆಯ ಮೇಲ್ವಿಚಾರಣೆಗೆ ಇದ್ದ ಸಿಸ್ಟರು ಉತ್ತರದ ಬಯಲುಸೀಮೆ ಕಡೆಯವರು, ಬಾಯಿ ಜೋರು. ಎಂಟಕ್ಕೆ ಬರಬೇಕಾದವರು ಒಂಬತ್ತಕ್ಕೆ ಬರುತ್ತಿದ್ದರು. ಬಂದವರು ಮೊದಲು ಕಾಫಿ ಕುಡಿಯುತ್ತಿದ್ದರು. ಆಮೇಲೆ ಯಾರೂ ತಪ್ಪು ಮಾಡದಿದ್ದರೂ ಎಲ್ಲರಿಗೂ ಒಂದು ಸುತ್ತು ಬೈಯುತ್ತಿದ್ದರು. "ನೀರು ಕುಡೀಬ್ಯಾಡ್ರಿ ಅಂದ್ರ ಕೆರೀನ ಕುಡ್ದು ಬಂದೀರಲ್ರೀ" ಎಂದು ತಮ್ಮನ ಊದಿದ ಕಾಲು ನೋಡಿ ಗದರುತ್ತಿದ್ದರು. ರಕ್ತ ಹರಿಯಲು ಶುರುವಾಯಿತೆಂದರೆ ಕುರ್ಚಿ ಎಳೆದುಕೊಂಡು ಫೋನು ನೋಡುತ್ತ ಕೂತುಬಿಡುತ್ತಿದ್ದರು. ಮಲಗಿದಲ್ಲಿಂದಲೇ ತಮ್ಮ ನನಗೆ ಕಣ್ಣಲ್ಲೇ ತೋರಿಸುತ್ತಿದ್ದ, ನೋಡು ನಿನ್ನ ಸರ್ಕಾರ ಎಂದು.

ಆ ಕೋಣೆಯಲ್ಲಿ ಸಾಲಾಗಿ ಮಷೀನು, ಪಕ್ಕಕ್ಕೊಂದು ಮಂಚ. ಗೋಡೆಯ ಕಡೆಯ ಕೊನೆಯ ಮಷೀನನ್ನು ಮಾತ್ರ ಯಾರಿಗೂ ಹಾಕುತ್ತಿರಲಿಲ್ಲ. ಅದು ಕೆಟ್ಟಿರಲಿಲ್ಲ. ಸಿಸ್ಟರು ವಾರಕ್ಕೊಮ್ಮೆ ಅದನ್ನು ಓಡಿಸಿ, ತೊಳೆದು, ಬಟ್ಟೆ ಮುಚ್ಚಿ ಇಡುತ್ತಿದ್ದರು. ತಮ್ಮನಿಗೆ ಅದನ್ನು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟ, "ಸಿಸ್ಟರೇ, ಅದ್ಯಾಕೆ ಸುಮ್ನೆ ನಿಂತದೆ?"

"ಎಲ್ಲಾ ಹಚ್ಚಿಬಿಟ್ಟು, ಒಂದು ಕೆಟ್ಟು ನಿಂತ್ರ, ಆಗ ಮಲಗಿಸಿದ ಪೇಷಂಟ್ ಎಲ್ಲಿಗೆ ಒಯ್ಲಿ? ಬೈಸಿಕೊಳ್ಳಾಕಿ ನಾನು. ಸುಮ್ನ ಮಕ್ಕೊಳ್ರೀ."

ಇದರಲ್ಲಿ ದೊಡ್ಡ ಕರುಣೆ ಏನೂ ಇರಲಿಲ್ಲ. ಬೈಸಿಕೊಳ್ಳುವ ಭಯ, ಅಷ್ಟೇ. ಸರ್ಕಾರಿ ನೌಕರರ ಆ ಭಯ ನನಗೆ ಚೆನ್ನಾಗಿ ಗೊತ್ತು, ಅದನ್ನೇ ಉಂಡು ನಾನು ಪಿಂಚಣಿಗೆ ಬಂದವಳು. ಆದರೆ ಆ ಭಯದಿಂದ ಬದುಕಿಕೊಂಡವರನ್ನೂ ಕಂಡಿದ್ದೇನೆ. ಒಂದು ಬೆಳಿಗ್ಗೆ ತಮ್ಮನದೇ ಮಷೀನು ಅರ್ಧದಲ್ಲಿ ಕೂಗಿಕೊಂಡು ನಿಂತಿತು. ಸಿಸ್ಟರು ಫೋನು ಎಸೆದು ಎದ್ದು, ಬೈಯುತ್ತಲೇ ಅವನನ್ನು ಗೋಡೆ ಕಡೆಯ ಮಂಚಕ್ಕೆ ಬದಲಿಸಿದರು. ಕೆಟ್ಟ ಮಷೀನಿನ ರಿಪೇರಿಗೆ ಎಂಜಿನಿಯರು ಬರಲು ತಿಂಗಳೇ ಹಿಡಿಯಿತು. ಅಷ್ಟು ದಿನವೂ ತಮ್ಮ ಗೋಡೆ ಕಡೆಯ ಮಂಚದಲ್ಲೇ ಮಲಗಿ, ರಿಪೇರಿ ತಡವಾಗಿದ್ದಕ್ಕೆ ಸರ್ಕಾರವನ್ನು ಬೈದ. ಯಾವುದರ ಮೇಲೆ ಮಲಗಿ ಬೈಯುತ್ತಿದ್ದೇನೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ.

ನಮ್ಮ ಅವ್ವ ಇದ್ದಾಗ ಎಸರಿಗೆ ಅಕ್ಕಿ ಹಾಕುವಾಗ ಮನೆಮಂದಿಯ ಲೆಕ್ಕದ ಮೇಲೆ ಇನ್ನೊಂದು ಹಿಡಿ ಹಾಕುತ್ತಿದ್ದಳು. ಯಾರಾದರೂ ಬಂದರೆ ಎಂದು. ಯಾರೂ ಬಾರದಿದ್ದರೆ ಬೆಳಿಗ್ಗೆ ಅದೇ ತಂಗಳು ದನದ ಬಾನಿಗೆ. ತಮ್ಮ ಚಿಕ್ಕವನಿದ್ದಾಗಲೇ ಇದು ದಂಡ ಎನ್ನುತ್ತಿದ್ದ. ಅವ್ವ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ.

ಕೊನೆಗೆ ಆ ಡಯಾಲಿಸಿಸ್ ಕೋಣೆಯನ್ನು ಒಂದು ಖಾಸಗಿ ಏಜೆನ್ಸಿಗೆ ವಹಿಸಿದರು. ಕಟ್ಟಡ ಸರ್ಕಾರದ್ದು, ಕರೆಂಟು ಸರ್ಕಾರದ್ದು, ನಡೆಸುವವರು ಕಂಪನಿಯವರು. ಸಿಸ್ಟರನ್ನು ಹೊರರೋಗಿಗಳ ಚೀಟಿ ಕೊಡುವ ಕಡೆ ಹಾಕಿದರು. ಹದಿನೈದು ದಿನದಲ್ಲಿ ಕೋಣೆಯ ಬಣ್ಣ ಬದಲಾಯಿತು. ಗೋಡೆಗೆ ನೀಲಿ, ಹುಡುಗರಿಗೆ ನೀಲಿ ಅಂಗಿ, ಬಾಗಿಲಲ್ಲಿ ನಗುವ ಮುಖಗಳ ದೊಡ್ಡ ಚಿತ್ರ. ಆ ಚಿತ್ರದಲ್ಲಿದ್ದವರಿಗೆ ಕಿಡ್ನಿ ಕಾಯಿಲೆ ಇದ್ದ ಹಾಗೆ ಕಾಣಲಿಲ್ಲ. ಎಂಟು ಗಂಟೆ ಎಂದರೆ ಎಂಟಕ್ಕೇ ಸೂಜಿ. ಬೈಗುಳವಿಲ್ಲ. "ಸರ್, ಕಂಫರ್ಟಬಲ್ ಇದೀರಾ?" ಎಂದು ಕೇಳುತ್ತಿದ್ದರು. ಹೋಗುವಾಗ ಒಂದು ಪರದೆ ಹಿಡಿದು ಎಷ್ಟು ನಕ್ಷತ್ರ ಕೊಡುತ್ತೀರಿ ಎನ್ನುತ್ತಿದ್ದರು. ತಮ್ಮ ಎಲ್ಲ ನಕ್ಷತ್ರವನ್ನೂ ಒತ್ತಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದ.

ನಾನು ಸೋತೆ ಎಂದೇ ಒಪ್ಪಿಕೊಂಡಿದ್ದೆ. ನನ್ನ ತಮ್ಮ ಮಧ್ಯಾಹ್ನದೊಳಗೆ ಮನೆಗೆ ಬಂದು ಊಟ ಮಾಡುತ್ತಿದ್ದ, ಮುಖದಲ್ಲಿ ಕಳೆ ಇತ್ತು. ಇನ್ನೇನು ಬೇಕು ನನಗೆ? ಜಗಳದಲ್ಲಿ ಗೆದ್ದು ಏನು ಮಾಡಲಿ?

ಏಜೆನ್ಸಿಯ ಮೇಲಿನವನೊಬ್ಬ ಒಂದು ದಿನ ನೋಡಲು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬು. ಮಂಚದಿಂದ ಮಂಚಕ್ಕೆ ಹೋಗಿ ನಮಸ್ಕಾರ ಮಾಡಿ, ಏನಾದರೂ ಸಲಹೆ ಇದ್ದರೆ ಹೇಳಿ ಎಂದು ಕೇಳುತ್ತಿದ್ದ. ಉಳಿದವರು ಏನು ಹೇಳಿಯಾರು? ಕಷ್ಟದಲ್ಲಿ ಮಲಗಿದವರು, ಎಲ್ಲ ಚೆನ್ನಾಗಿದೆ ಸಾರ್ ಎಂದರು. ನನ್ನ ತಮ್ಮನ ಹತ್ತಿರ ಬಂದಾಗ ಅವನು ತಲೆದಿಂಬಿನಿಂದ ಕತ್ತೆತ್ತಿದ. ಗಿರಣಿ ಬಿಟ್ಟ ಮೇಲೆ ಅವನನ್ನು ಸಲಹೆ ಕೇಳಿದ ಮೊದಲ ಮನುಷ್ಯ ಅವನು.

"ಸಾರ್, ನಾನೂ ಪ್ರೈವೇಟಲ್ಲಿ ಮ್ಯಾನೇಜರಾಗಿದ್ದಂವ. ನೀವೆಲ್ಲ ಚೊಲೋ ಮಾಡ್ತಿದೀರಿ. ಒಂದೇ ಕೊರತೆ. ಆ ಗೋಡೆ ಕಡೆ ಮಷೀನು ನೋಡಿ, ಮೊದಲಿಂದ ಹಂಗೇ ನಿಂತದೆ. ಬಂಡವಾಳ ಹಾಕಿ ಸುಮ್ನೆ ನಿಲ್ಸೋದು ಸರ್ಕಾರದೋರ ಬುದ್ಧಿ. ನೀವೂ ಹಂಗೇ ಮಾಡಿದ್ರೆ ಹೆಂಗೆ?"

ಆ ಮನುಷ್ಯ ನಕ್ಕ. "ಕರೆಕ್ಟ್ ಸರ್. ನಮ್ಮ ಗಮನದಲ್ಲೂ ಇದೆ. ನಿಮ್ಮಂಥ ಪೇಷಂಟ್ ಇದ್ರೆ ನಮಗೆ ಸುಲಭ" ಎಂದು ಟ್ಯಾಬಿನಲ್ಲಿ ಏನೋ ಒತ್ತಿಕೊಂಡ. ತಮ್ಮನ ಮುಖ ಮದುವೆಯ ದಿನ ಅರಳಿದ ಹಾಗೆ ಅರಳಿತು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಮುಚ್ಚೋ ಎನ್ನಬೇಕೆನ್ನಿಸಿತು, ಆದರೆ ಆ ಅರಳಿದ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ.

ಇವನು ಹೇಳಿದ್ದಕ್ಕೇ ಅವರು ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರ ಟ್ಯಾಬಿನಲ್ಲಿ ಅದು ಆಗಲೇ ಇತ್ತೋ ಏನೋ. ಆದರೆ ಮುಂದಿನ ತಿಂಗಳು ನಾವು ಹೋದಾಗ ಗೋಡೆಯ ಕಡೆ ಬರೀ ನೆಲ ಇತ್ತು, ಮಷೀನಿನ ಕಾಲು ನಿಂತಿದ್ದ ಗುರುತು ಮಾತ್ರ. ಬೇರೆ ಊರಿನ ಆಸ್ಪತ್ರೆಗೆ ಕಳಿಸಿದರಂತೆ. ಅಲ್ಲಿಯೂ ಕಾಯುವ ಜನ ಇದ್ದರಲ್ಲ, ಅವರಿಗೂ ಬೇಕಲ್ಲ, ಅದನ್ನು ತಪ್ಪೆಂದು ನಾನು ಹೇಳಲಾರೆ. ಉಳಿದ ಮಷೀನುಗಳಿಗೆ ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು, ಸಂಜೆ ಒಂದು. ಒಬ್ಬರು ಎದ್ದ ಮಂಚದ ಮೇಲೆ ಬಿಸಿ ಆರುವ ಮೊದಲೇ ಇನ್ನೊಬ್ಬರು. "ನೋಡ್ದ್ಯಾ ಅಕ್ಕ, ಒಂದು ಹನಿ ದಂಡ ಇಲ್ಲ" ಎಂದ ತಮ್ಮ. ಅವತ್ತು ಅವನು ಗಿರಣಿಗೆ ವಾಪಸ್ಸು ಹೋದ ಹಾಗಿದ್ದ.

ಮಷೀನು ಕೆಟ್ಟಿದ್ದು ಬೇಸಿಗೆಯ ಒಂದು ಬೆಳಿಗ್ಗೆ, ತಮ್ಮನ ಸರದಿಯ ಹೊತ್ತಿಗೆ. ಸೂಜಿ ಚುಚ್ಚುವ ಮೊದಲೇ ಕೆಂಪು ದೀಪ ಹೊತ್ತಿಕೊಂಡಿತು. ನೀಲಿ ಅಂಗಿಯ ಟೆಕ್ನಿಷಿಯನ್ ಹುಡುಗ ಎರಡು ಸಲ ಆರಿಸಿ ಹಚ್ಚಿ ನೋಡಿದ. "ಕಂಪ್ಲೇಂಟ್ ಹಾಕಿದೀನಿ ಸರ್. ಮೂರು ದಿನದೊಳಗೆ ಎಂಜಿನಿಯರ್ ಬರ್ತಾರೆ. ಅಷ್ಟರ ತನಕ ಶಿವಮೊಗ್ಗದಲ್ಲಿ ಮಾಡಿಸ್ಕೊಂಡ್ಬಿಡಿ" ಎಂದ.

ಬೇರೆ ಮಷೀನಿಗೆ ಹಾಕಪ್ಪ ಎಂದೆ ನಾನು. ಎಲ್ಲ ಫುಲ್ ಮೇಡಂ ಎಂದ. ಇಬ್ಬರಿಗೆ ಒಂದೊಂದು ಗಂಟೆ ಕಡಿಮೆ ಮಾಡಿ ಇವನಿಗೆ ಎರಡು ಗಂಟೆಯಾದರೂ ಕೊಡು ಎಂದೆ. ಸಿಸ್ಟರು ಇದ್ದಿದ್ದರೆ ನಾಲ್ಕು ಜನರನ್ನು ಬೈದು ಹಾಗೇ ಮಾಡುತ್ತಿದ್ದರು. ಹುಡುಗ ಕಂಪ್ಯೂಟರು ತೋರಿಸಿದ. ಅದರಲ್ಲಿ ಹೆಸರು ಹೆಸರಿಗೂ ಸಮಯ ಕಟ್ಟಿಹೋಗಿತ್ತು, ಬದಲಿಸಲು ಅವನಿಗೆ ಅಧಿಕಾರ ಇರಲಿಲ್ಲ. ಅವನ ಕಣ್ಣಲ್ಲಿ ಭಯ ಇತ್ತು. ಬೈಸಿಕೊಳ್ಳುವ ಭಯವಲ್ಲ, ಕೆಲಸ ಹೋಗುವ ಭಯ. ಆ ಭಯದಿಂದ ಯಾರಿಗೂ ಉಪಕಾರವಾಗುವುದಿಲ್ಲ ಎಂದು ನಾನು ಅವತ್ತು ಕಲಿತೆ.

ಆಸ್ಪತ್ರೆಯ ದೊಡ್ಡ ಡಾಕ್ಟರ ಕೋಣೆಗೆ ಓಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ಅದು ಏಜೆನ್ಸಿಯವರ ವ್ಯಾಪ್ತಿ. ನಮ್ಮದು ಕಟ್ಟಡ ಮತ್ತೆ ಕರೆಂಟು ಮಾತ್ರ" ಎಂದರು. ಏಜೆನ್ಸಿಯ ಸಹಾಯವಾಣಿಗೆ ಫೋನು ಮಾಡಿದರೆ, ಬದಲಿ ವ್ಯವಸ್ಥೆ ಮಾಡುವುದು ಆಸ್ಪತ್ರೆಯವರ ಹೊಣೆ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ. ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಿ, ಕೂಸನ್ನು ನಡುವೆ ಇಟ್ಟು, ತಮ್ಮ ತಮ್ಮ ಕಡೆಗೆ ತಿರುಗಿ ಕೂತಿದ್ದರು.

ಚೀಟಿ ಕೊಡುವ ಕಿಟಕಿಯಲ್ಲಿ ಸಿಸ್ಟರು ಕಂಡರು. ನನ್ನ ಮುಖ ನೋಡಿಯೇ ಎದ್ದು ಹೊರಗೆ ಬಂದರು. "ಆ ಬಾಗಿಲೊಳಗ ನಾನೀಗ ಕಾಲು ಇಡಂಗಿಲ್ರೀ ಅಕ್ಕಾರ. ಕೊಟ್ಟುಬಿಟ್ಟಾರ. ನೀವು ತಡ ಮಾಡಬ್ಯಾಡ್ರಿ, ನಿಮ್ಮ ತಮ್ಮನ್ನ ಇವತ್ತ ಶಿವಮೊಗ್ಗಕ್ಕ ಕರ್ಕೊಂಡು ಹೋಗ್ರಿ" ಎಂದರು. ಅವರು ಬೈಯದೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ನನಗೆ ಅದರಿಂದಲೇ ಹೆದರಿಕೆಯಾಯಿತು.

ತಮ್ಮ ಶಿವಮೊಗ್ಗಕ್ಕೆ ಬರಲಿಲ್ಲ.

ಎಷ್ಟು ಹೇಳಿದೆ ಅವನಿಗೆ! ಅಲ್ಲಿನ ಒಂದು ಆಸ್ಪತ್ರೆಗೆ ಫೋನು ಮಾಡಿ ಕೇಳಿದ್ದೆ, ಬನ್ನಿ ಎಂದಿದ್ದರು. ನಮ್ಮೆಜಮಾನರು ಬಾಡಿಗೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ತಮ್ಮ ಜಗಲಿಯಲ್ಲಿ ಕೂತು ಅಲುಗಾಡಲಿಲ್ಲ. "ಮೂರು ದಿನದೊಳಗೆ ಅಂದ್ರೆ ಅವ್ರು ನಾಳೆನೇ ಬತ್ತಾರೆ ಅಕ್ಕ. ಇದು ನಿಮ್ಮ ಇಲಾಖೆ ಅಲ್ಲ, ಪ್ರೈವೇಟು. ಮಾತು ಅಂದ್ರೆ ಮಾತು. ಸುಮ್ನೆ ಅಲ್ಲಿಗೆ ಹೋಗಿ ಬರೋದು ದಂಡ." ಕಾರಿನವನನ್ನು ಕಾಯಿಸುವುದೂ ದಂಡ ಎಂದು ಅವನನ್ನೂ ತಾನೇ ಕಳಿಸಿದ. ನಾನು ಕೂಗಾಡಿದೆ, ಅತ್ತೆ. ಊರಿಂದ ಅವನ ಹೆಂಡತಿ ಫೋನಿನಲ್ಲಿ ಅತ್ತಳು. ಅವನು ಗಿರಣಿಯ ಮ್ಯಾನೇಜರನ ದನಿಯಲ್ಲಿ, "ಒಂದು ವ್ಯವಸ್ಥೆ ಅಂತ ಇರ್ತದೆ. ಅದನ್ನ ನಂಬಬೇಕು" ಎಂದ.

ಮಾರನೆಯ ದಿನ ಎಂಜಿನಿಯರು ಬರಲಿಲ್ಲ. ತಮ್ಮನ ಕಾಲು ಊದಿತು, ಕಣ್ಣಿನ ಕೆಳಗೆ ಊದಿತು. ಅನ್ನ ಸೇರಲಿಲ್ಲ. ನಾನು ಟೆಕ್ನಿಷಿಯನ್ ಹುಡುಗನಿಗೆ ಫೋನು ಮಾಡಿ ಮಾಡಿ, ಕೊನೆಗೆ ಅವನು ಎತ್ತುವುದನ್ನೇ ಬಿಟ್ಟ. ಅದರ ಮಾರನೆಯ ದಿನವೂ ಬರಲಿಲ್ಲ. ಸಂಜೆ ತಮ್ಮ ಗೋಡೆಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಗಲೂ ನಕ್ಕ. "ಸರ್ಕಾರದ್ದಾಗಿದ್ರೆ ಎಂಜಿನಿಯರು ಮುಂದಿನ ತಿಂಗಳು ಬರ್ತಿದ್ದ, ಅಲ್ಲನಾ?"

ಹೌದು ಎಂದೆ. ಅದು ನಿಜವೇ ಆಗಿತ್ತು. ಸರ್ಕಾರದ್ದಾಗಿದ್ದರೆ ಎಂಜಿನಿಯರು ಮುಂದಿನ ತಿಂಗಳು ಬರುತ್ತಿದ್ದ, ಅಷ್ಟು ದಿನ ನೀನು ಗೋಡೆ ಕಡೆಯ ಮಂಚದಲ್ಲಿ ಮಲಗಿ ಅವನನ್ನು ಬೈಯುತ್ತಿದ್ದೆ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಅವನ ಎದೆ ಏರಿ ಇಳಿಯುವುದನ್ನು ನೋಡುತ್ತ ಹೇಗೆ ಹೇಳಲಿ? ಇಷ್ಟು ವರ್ಷದ ಜಗಳದಲ್ಲಿ ನನಗೆ ಸಿಕ್ಕ ಒಂದೇ ಒಂದು ಗಟ್ಟಿ ಮಾತು ಅದು. ಬದಲಿಗೆ ಅವನ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟೆ.

ಬೆಳಗಾಗುತ್ತಲೇ ಅವನು ನನ್ನ ಕೈ ಹಿಡಿದು, "ಶಿವಮೊಗ್ಗಕ್ಕೇ ಹೋಗನ ಅಕ್ಕ" ಎಂದ. ಆಂಬುಲೆನ್ಸಿಗೆ ಫೋನು ಮಾಡಿದೆವು. ಬೇಗನೇ ಬಂತು. ಮುಖಕ್ಕೆ ಆಮ್ಲಜನಕ ಹಾಕಿ ಅವನನ್ನು ಅರ್ಧ ಕೂರಿಸಿ ಕರೆದುಕೊಂಡು ಹೊರಟೆವು. ನಾನು ಅವನ ಬೆನ್ನಿಗೆ ನನ್ನ ಭುಜ ಕೊಟ್ಟು ಕೂತಿದ್ದೆ. ನೆನೆದ ಭತ್ತದ ಮೂಟೆಯ ಹಾಗೆ ಭಾರವಾಗಿದ್ದ, ನೀರು ತುಂಬಿಕೊಂಡು. ದಾರಿಯಲ್ಲಿ ಎರಡು ಸಲ ನನ್ನ ಕಡೆ ತಿರುಗಿ ನೋಡಿದ. ಜಗಳ ಮಾಡುವ ಕಣ್ಣಲ್ಲ ಅದು. ಚಿಕ್ಕವನಿದ್ದಾಗ ಹೊಳೆಯಲ್ಲಿ ಕಾಲು ಜಾರಿದಾಗ ನನ್ನನ್ನು ನೋಡಿದ ಕಣ್ಣು. ಅವತ್ತು ನಾನು ಎಳೆದುಕೊಂಡಿದ್ದೆ. ಶಿವಮೊಗ್ಗ ಇನ್ನೂ ದೂರ ಇರುವಾಗ ಬೆನ್ನಿನ ಭಾರ ಬದಲಾಯಿತು, ನನಗೆ ಗೊತ್ತಾಯಿತು. ಆದರೂ ಆಸ್ಪತ್ರೆಯ ತನಕ ಹಾಗೇ ಹಿಡಿದುಕೊಂಡು ಹೋದೆ.

ಆ ದಿನ ಮಧ್ಯಾಹ್ನ ಎಂಜಿನಿಯರು ಬಂದು ಮಷೀನು ಸರಿ ಮಾಡಿದನಂತೆ. ಕಂಪ್ಲೇಂಟ್ ಹಾಕಿದ ದಿನ ಬಿಟ್ಟು ಎಣಿಸಿದರೆ ಮೂರು ದಿನದೊಳಗೇ ಬಂದ. ಕಂಪನಿ ಮಾತು ತಪ್ಪಲಿಲ್ಲ. ಅವರ ಕಡೆಯಿಂದ ಯಾವ ಲೋಪವೂ ಇಲ್ಲ ಎಂದು ಯಾರು ಬೇಕಾದರೂ ಸಾಬೀತು ಮಾಡಬಹುದು. ಆಸ್ಪತ್ರೆಯವರ ಕಡೆಯಿಂದಲೂ ಇಲ್ಲ. ಕಟ್ಟಡ ಬೀಳಲಿಲ್ಲ, ಕರೆಂಟು ಹೋಗಲಿಲ್ಲ. ಯಾರಲ್ಲೂ ಲೋಪವಿಲ್ಲದೆ ನನ್ನ ತಮ್ಮ ಸತ್ತ.

ಊರಿನಲ್ಲಿ ದಹನ ಮುಗಿದು ಮೂರನೆಯ ದಿನ. ಬೂದಿ ಬಿಟ್ಟು ಬಂದು ಜಗಲಿಯಲ್ಲಿ ಕೂತಿದ್ದೆವು. ಅವನ ಹೆಂಡತಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಆಸ್ಪತ್ರೆಯಲ್ಲಿ ನನ್ನ ನಂಬರು ಕೊಟ್ಟಿದ್ದರಿಂದ ಫೋನು ನನಗೇ ಬಂತು. ಒಬ್ಬ ಹುಡುಗಿ, ಎಲ್ಲಿಂದಲೋ, ಬಹಳ ಮರ್ಯಾದೆಯ ದನಿ. ತಮ್ಮನ ಹೆಸರು ಹೇಳಿ, "ಸರ್ ಇವತ್ತು ಬೆಳಿಗ್ಗೆ ಸ್ಲಾಟಿಗೆ ಬಂದಿಲ್ಲ ಮೇಡಂ. ಮಷೀನ್ ರೆಡಿ ಇದೆ" ಎಂದಳು.

ಅವನು ತೀರಿಕೊಂಡ ಎಂದೆ.

"ಸಾರಿ ಮೇಡಂ" ಎಂದಳು. ನಿಜವಾಗಿಯೇ ನೊಂದುಕೊಂಡಳು ಎಂದು ದನಿಯಲ್ಲಿ ಗೊತ್ತಾಯಿತು. ಆಮೇಲೆ ಮೆಲ್ಲಗೆ ಕೇಳಿದಳು, "ಹಾಗಾದ್ರೆ... ಸರ್ ಸ್ಲಾಟ್ ಬೇರೆಯವ್ರಿಗೆ ಕೊಡಬಹುದಾ ಮೇಡಂ? ತುಂಬಾ ಜನ ಕಾಯ್ತಿದಾರೆ."

ಬಾಯಿಗೆ ಬಂದ ಹಾಗೆ ಬೈಯಬೇಕು ಎನ್ನಿಸಿತು. ಸಿಸ್ಟರ ಬಾಯಿ ಆ ಹೊತ್ತಿಗೆ ನನಗೆ ಬೇಕಿತ್ತು. ಆದರೆ ಯಾರನ್ನು ಬೈಯಲಿ? ಕಾಯುತ್ತಿರುವವರೂ ಯಾರದೋ ತಮ್ಮನೇ. ಅವರ ಮನೆಯಲ್ಲೂ ಒಬ್ಬ ಅಕ್ಕ ಫೋನು ಹಿಡಿದು ಕೂತಿರುತ್ತಾಳೆ, ಯಾರಾದರೊಬ್ಬರು ಎದ್ದುಹೋಗಲಿ ಎಂದು ಬಾಯಿಬಿಟ್ಟು ಹೇಳಲಾಗದೆ.

"ಕೊಡಮ್ಮ" ಎಂದೆ. "ಈಗಲೇ ಕೊಟ್ಟುಬಿಡು."

ಏಜೆನ್ಸಿಯವರು ಬಂದ ಮೇಲೆ ಆ ಕೋಣೆಯಲ್ಲಿ ಮಷೀನು ಸರಿಯಿದ್ದೂ ಒಂದು ಮಂಚ ಖಾಲಿಯಾಗಿದ್ದು ಅದೇ ಮೊದಲ ಸಲ. ಮಧ್ಯಾಹ್ನದೊಳಗೆ ಅದನ್ನೂ ತುಂಬಿದರು.